ಪಿ0016 ಕೋಡ್: ಸೆನ್ಸರ್ ಕೆಟ್ಟಿದೆಯೋ, ಚೈನ್ ಹಲ್ಲು ಹಾರಿದೆಯೋ? ಕವರ್ ಬಿಚ್ಚುವ ಮೊದಲೇ ತಿಳಿಯುವುದು ಹೇಗೆ

(ಇದು ಪ್ರಶ್ನೋತ್ತರ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ನಾಲ್ಕು ಸಿಲಿಂಡರ್

1.6 ಲೀಟರ್ ಪೆಟ್ರೋಲ್ ಎಂಜಿನ್. ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕ್ಯಾಮ್‌ಗಳನ್ನು (ವಾಲ್ವ್ ತೆರೆದು ಮುಚ್ಚಿಸುವ ದಂಡಗಳು) ತಿರುಗಿಸುವುದು ಟೈಮಿಂಗ್ ಚೈನ್. ಇನ್‌ಟೇಕ್ ಕ್ಯಾಮ್‌ಗೆ ಮಾತ್ರ ವಿವಿಟಿ (ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ). ಏರ್‌ಫ್ಲೋ ಸೆನ್ಸರ್ ಇಲ್ಲ, ಮ್ಯಾಪ್ (ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ) ಸೆನ್ಸರ್ ಇದೆ. ಸೆಲ್ಫ್ ಹೊಡೆದರೆ ನಾಲ್ಕೈದು ಸೆಕೆಂಡ್ ತಿರುಗಿದ ಮೇಲೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್‌ನಲ್ಲಿ ಸಣ್ಣ ನಡುಕ, ಪಿಕಪ್ ಕಡಿಮೆ, ಚೆಕ್ ಎಂಜಿನ್ ಲೈಟ್ ಆರುವುದೇ ಇಲ್ಲ. ಸ್ಕ್ಯಾನರ್‌ನಲ್ಲಿ ಎರಡು ದೋಷದ ಕೋಡ್: ಪಿ0016 ಖಾಯಂ, ಪಿ0340 ಪೆಂಡಿಂಗ್ (ಇನ್ನೂ ಖಚಿತವಾಗದ್ದು).

ಕ್ಯಾಮ್ ಸೆನ್ಸರ್ ಹೊಸದು ಹಾಕಿ ಆಗಿದೆ. ಕೋಡ್ ಅಳಿಸಿದರೂ ಪಿ0016 ಮತ್ತೆ ಬರುತ್ತಿದೆ. ಈಗ ಕ್ರ್ಯಾಂಕ್ ಸೆನ್ಸರ್ ಬದಲಿಸಿ, ಅದಕ್ಕೂ ಹೋಗದಿದ್ದರೆ ಚೈನ್ ಬದಲಿಸಿ ಎಂಬ ಸಲಹೆ ಬಂದಿದೆ. ಹೀಗೆ ಒಂದೊಂದೇ ಬದಲಿಸುತ್ತ ಹೋಗುವ ಬದಲು ಅಳೆದು ತಿಳಿಯುವ ದಾರಿ ಬೇಕು. ಲೈವ್ ಡೇಟಾ ತೋರಿಸುವ ಸ್ಕ್ಯಾನರ್, ಮಲ್ಟಿಮೀಟರ್ ಕೈಯಲ್ಲಿವೆ. ಎರಡು ಚಾನೆಲ್ ಸ್ಕೋಪ್ (ಸಿಗ್ನಲ್‌ನ ಅಲೆ ತೋರಿಸುವ ಉಪಕರಣ) ಒದಗಿಸಿಕೊಳ್ಳಬಹುದು.

ಹಳೇ ಪಾನಾ

ಕ್ರ್ಯಾಂಕ್ ಸೆನ್ಸರ್ ಈಗಲೇ ತರಬೇಡಿ. ಪಿ0016 ಯಾವ ಸೆನ್ಸರ್ ಮೇಲೂ ಬೆರಳು ತೋರಿಸುವ ಕೋಡ್ ಅಲ್ಲ. ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ಬರುತ್ತದೆ. ಕ್ರ್ಯಾಂಕ್ ಚಕ್ರದ ಇಂಥ ಹಲ್ಲಿನ ಹೊತ್ತಿಗೆ ಕ್ಯಾಮ್ ಸಿಗ್ನಲ್‌ನ ಇಂಥ ಅಂಚು ಬರಬೇಕು ಎಂಬ ಲೆಕ್ಕ ಇಸಿಯುವಿನಲ್ಲಿ (ಎಂಜಿನ್ ನಡೆಸುವ ಕಂಪ್ಯೂಟರ್) ಮೊದಲೇ ಇರುತ್ತದೆ. ಆ ಅಂಚು ಮಿತಿ ದಾಟಿ ಹಿಂದೆಯೋ ಮುಂದೆಯೋ ಸರಿದಾಗ ಪಿ0016 ಬರುತ್ತದೆ. ಎರಡೂ ಸಿಗ್ನಲ್ ಇಸಿಯುವಿಗೆ ಮುಟ್ಟುತ್ತಿವೆ, ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರ್ಥ. ಸಿಗ್ನಲ್ಲೇ ಬರದಿದ್ದರೆ ಕ್ರ್ಯಾಂಕಿಗೆ ಪಿ0335, ಕ್ಯಾಮಿಗೆ ಪಿ0340 ಖಾಯಂ ಆಗಿ ನಿಲ್ಲುತ್ತಿತ್ತು. ನಿಮ್ಮ ಪಿ0340 ಪೆಂಡಿಂಗ್‌ನಲ್ಲೇ ಇದೆ. ಕೆಲವು ಇಸಿಯುಗಳು ಕ್ಯಾಮ್ ಅಂಚು ತಾವು ಕಾಯುವ ಜಾಗದಲ್ಲಿ ಸಿಗದಿದ್ದಾಗಲೂ ಆ ಕೋಡ್ ಹಾಕುತ್ತವೆ.

ಜೊತೆಗೆ ಬರುವ ಕೋಡ್‌ಗಳೂ ಸುಳಿವು ಕೊಡುತ್ತವೆ. ಪಿ0011 ಅಥವಾ ಪಿ0012 ಇದ್ದರೆ ಇಸಿಯು ಹೇಳಿದ ಜಾಗಕ್ಕೆ ಕ್ಯಾಮ್ ಹೋಗುತ್ತಿಲ್ಲ. ಆಗ ಎಂಜಿನ್ ಆಯಿಲ್, ಓಸಿವಿ ಸೊಲೆನಾಯ್ಡ್ (ವಿವಿಟಿಗೆ ಆಯಿಲ್ ಬಿಡುವ ವಿದ್ಯುತ್ ಕವಾಟ), ಅದರ ಜಾಲರಿ, ಫೇಸರ್ (ಆ ಆಯಿಲ್ ಒತ್ತಡದಿಂದ ಕ್ಯಾಮನ್ನು ಹಿಂದೆ ಮುಂದೆ ತಿರುಗಿಸುವ ಭಾಗ) ಕಡೆ ನೋಡಬೇಕು. ಪಿ0010 ಬಂದರೆ ಆ ಸೊಲೆನಾಯ್ಡ್‌ನ ವೈರಿಂಗ್. ಪಿ0017 ಎಕ್ಸಾಸ್ಟ್ ಕ್ಯಾಮಿನದು. ಪಿ0016, ಪಿ0017 ಎರಡೂ ಒಟ್ಟಿಗೆ ಬಂದರೆ ಎರಡು ಕ್ಯಾಮಿಗೂ ಸಂಬಂಧಿಸಿದ್ದನ್ನು ಮೊದಲು ಅನುಮಾನಿಸಿ: ಚೈನ್, ಕ್ರ್ಯಾಂಕ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ), ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲಿನ ಚಕ್ರ.

ಯಾವ ಬೋಲ್ಟನ್ನೂ ಬಿಚ್ಚದೆ ಮೊದಲು ಇಷ್ಟು ಬರೆದುಕೊಳ್ಳಿ. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ಸಂಖ್ಯೆಗಳು) ಪೂರ್ತಿ ಬರೆದಿಡಿ, ಅಳಿಸಿದರೆ ಅದೂ ಹೋಗುತ್ತದೆ. ಆಯಿಲ್ ಮಟ್ಟ ಮತ್ತು ಗ್ರೇಡ್ ನೋಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಆಫ್ ಇದ್ದಾಗ ಮ್ಯಾಪ್ ಎಷ್ಟು, ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಎಷ್ಟು ಅಂತ ನೋಡಿ. ಶಾರ್ಟ್ ಮತ್ತು ಲಾಂಗ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಅಳತೆಗೆ ಮಾಡುವ ತಿದ್ದುಪಡಿ, ಶೇಕಡಾ ಲೆಕ್ಕದಲ್ಲಿ) ಎರಡನ್ನೂ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಬರೆದುಕೊಳ್ಳಿ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್ ತೋರಿಸುವ ಆರ್‌ಪಿಎಂ, ಬ್ಯಾಟರಿ ವೋಲ್ಟೇಜ್ ಕೂಡ ಬೇಕು. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಸ್ಕ್ಯಾನರ್‌ನಲ್ಲಿ ಇಗ್ನಿಷನ್ ಟೈಮಿಂಗ್ 8 ಡಿಗ್ರಿ, 10 ಡಿಗ್ರಿ ಅಂತ ಕಂಡರೆ ಟೈಮಿಂಗ್ ಸರಿಯಿದೆ ಎಂದುಕೊಳ್ಳಬೇಡಿ. ಅದು ಇಸಿಯು ಕೊಡುತ್ತಿರುವ ಆಜ್ಞೆ, ಅಳೆದ ಸಂಖ್ಯೆ ಅಲ್ಲ. ಸ್ಪಾರ್ಕಿನ ಲೆಕ್ಕ ಕ್ರ್ಯಾಂಕಿನಿಂದ ಬರುತ್ತದೆ. ಕ್ಯಾಮ್ ಒಂದು ಹಲ್ಲು ಹಿಂದೆ ಬಿದ್ದರೂ ಆ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ.

ವೈರಿಂಗ್ ಮೊದಲು

ಮೆಕ್ಯಾನಿಕಲ್ ಕಡೆ ಹೋಗುವ ಮುನ್ನ ವೈರಿಂಗ್ ಸರಿಯಿದೆ ಎಂದು ಖಚಿತ ಮಾಡಿಕೊಳ್ಳಿ, ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಚೈನ್ ಬದಲಿಸಿದ ಮೇಲೂ ಅನುಮಾನ ಉಳಿಯುತ್ತದೆ.

ಸೆನ್ಸರ್ ಯಾವ ಜಾತಿ ಎಂದು ತಿಳಿಯಿರಿ. ಕಪ್ಲರ್‌ನಲ್ಲಿ (ವೈರ್ ಜೋಡಿಸುವ ಪ್ಲಗ್) ಎರಡು ವೈರ್ ಇದ್ದರೆ ಸಾಮಾನ್ಯವಾಗಿ ಮ್ಯಾಗ್ನೆಟಿಕ್ ಪಿಕಪ್: ಒಳಗೆ ಆಯಸ್ಕಾಂತ, ಸುತ್ತಲೂ ಕಾಯಿಲ್, ಹಲ್ಲು ಎದುರಿಗೆ ಹಾದುಹೋದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಮೂರು ವೈರ್ ಇದ್ದರೆ ಬಹುತೇಕ ಹಾಲ್ ಸೆನ್ಸರ್: ಸಪ್ಲೈ, ಅರ್ತ್, ಸಿಗ್ನಲ್. ಆದರೆ ಮ್ಯಾಗ್ನೆಟಿಕ್ ಪಿಕಪ್‌ಗೂ ಮೂರನೇ ವೈರಾಗಿ ಶೀಲ್ಡ್ ಬರುವುದುಂಟು. ಅದಕ್ಕೆ ಸರ್ಕ್ಯೂಟ್ ಚಿತ್ರ ನೋಡದೆ ವೈರ್ ಎಣಿಸಿ ತೀರ್ಮಾನಿಸಬೇಡಿ.

ಹಾಲ್ ಸೆನ್ಸರ್ ಆದರೆ ಕಪ್ಲರ್ ಕಳಚಿ, ಇಗ್ನಿಷನ್ ಆನ್ ಮಾಡಿ, ಹಾರ್ನೆಸ್ ಕಡೆಯಿಂದ ಅಳೆಯಿರಿ. ಸಪ್ಲೈ ವೈರ್‌ನಲ್ಲಿ ಎಂಜಿನ್‌ಗೆ ತಕ್ಕಂತೆ 5 ವೋಲ್ಟ್ ಅಥವಾ ಬ್ಯಾಟರಿ ವೋಲ್ಟೇಜ್ ಇರಬೇಕು. ಸಿಗ್ನಲ್ ವೈರ್‌ನಲ್ಲೂ ಸಾಮಾನ್ಯವಾಗಿ ಇಸಿಯು ಒಳಗಿನಿಂದ ಕೊಡುವ 5 ವೋಲ್ಟ್ ಕಾಣುತ್ತದೆ. ಅದು ಕಂಡರೆ ಇಸಿಯುವಿನಿಂದ ಕಪ್ಲರ್ ತನಕ ಆ ವೈರ್ ತುಂಡಾಗಿಲ್ಲ. ಆಮೇಲೆ ಕಪ್ಲರ್ ಹಾಕಿ, ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ, ಅರ್ತ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಎಷ್ಟು ಬರುತ್ತದೆ ನೋಡಿ. ಸೆಲ್ಫ್ ಹೊಡೆಯುವಾಗಲೂ 0.1 ವೋಲ್ಟ್ ಮೀರಬಾರದು. ಮೀರಿದರೆ ಅರ್ತ್ ಪಾಯಿಂಟ್ ತುಕ್ಕು ಹಿಡಿದಿದೆ, ಇಲ್ಲವೇ ಎಂಜಿನ್ ಮತ್ತು ಬಾಡಿ ನಡುವಿನ ಪಟ್ಟಿ ಸಡಿಲವಾಗಿದೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಇಸಿಯು ವೈರ್‌ಗಳಿಗೆ ಮುಟ್ಟಿಸಬೇಡಿ, ಅದು ಎಳೆಯುವ ಕರೆಂಟ್ ಒಳಗಿನ ಸರ್ಕ್ಯೂಟಿಗೆ ಜಾಸ್ತಿಯಾಗುತ್ತದೆ. ಪಿನ್ನಿನ ಮುಂಭಾಗಕ್ಕೆ ದಪ್ಪ ಪ್ರೋಬ್ ತುರುಕಿ ಬಾಯಿ ಅಗಲ ಮಾಡಿದರೆ ಆವರೆಗೆ ಇಲ್ಲದ ದೋಷ ನಾವೇ ತಂದುಕೊಂಡಂತೆ.

5 ವೋಲ್ಟ್ ರೆಫರೆನ್ಸ್ ಹಲವು ಸೆನ್ಸರ್‌ಗಳಿಗೆ ಹಂಚಿಕೆಯಾಗಿರುತ್ತದೆ. ಮ್ಯಾಪ್, ಥ್ರಾಟಲ್, ಕ್ಯಾಮ್, ಎಸಿ ಪ್ರೆಶರ್ ಸೆನ್ಸರ್ ಎಲ್ಲವೂ ಒಂದೇ ಸಾಲಿನಲ್ಲಿರಬಹುದು. ಅದರಲ್ಲಿ ಒಂದು ಒಳಗೆ ಶಾರ್ಟ್ ಆದರೂ ಉಳಿದವೆಲ್ಲ ಕುಸಿಯುತ್ತವೆ. ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರುತ್ತವೆ. ಆಗ ಮೀಟರನ್ನು ರೆಫರೆನ್ಸ್ ವೈರ್‌ಗೆ ಹಾಕಿಟ್ಟು ಒಂದೊಂದೇ ಕಪ್ಲರ್ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ದೋಷ ಅಲ್ಲೇ. ಎಲ್ಲ ಕಳಚಿದರೂ ಮರಳದಿದ್ದರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದೆ, ಇಲ್ಲವೇ ಇಸಿಯು ಕಡೆ ತೊಂದರೆ.

ಮೀಟರ್ ಪ್ರೋಬ್

ಎರಡು ವೈರ್ ಸೆನ್ಸರ್ ಆದರೆ ಓಮ್ಸ್ ನೋಡಿದರೆ ಸಾಕಲ್ಲವೇ? ಕೈಪಿಡಿ ಹೇಳಿದ ಮಿತಿಯೊಳಗೆ ಬಂದರೆ ಸೆನ್ಸರ್ ಸರಿ ಅಂತ ಬಿಡಬಹುದು.

ವೈರಿಂಗ್ ಮೊದಲು

ಸಾಲದು. ಬಹಳ ಎಂಜಿನ್‌ಗಳಲ್ಲಿ ಆ ಕಾಯಿಲ್ 200ರಿಂದ 1500 ಓಮ್ಸ್ ಒಳಗೆ ಬರುತ್ತದೆ, ನಿಖರ ಮಿತಿ ಆಯಾ ಕೈಪಿಡಿಯಲ್ಲಿ. ಓಮ್ಸ್ ಕೆಟ್ಟಿದ್ದರೆ ಸೆನ್ಸರ್ ಕೆಟ್ಟಿದೆ ಅನ್ನಬಹುದು. ಸರಿಯಿದ್ದರೆ ಕಾಯಿಲ್ ತುಂಡಾಗಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಆಯಸ್ಕಾಂತ ದುರ್ಬಲವಾಗಿದೆಯೇ, ತುದಿಗೆ ಕಬ್ಬಿಣದ ಪುಡಿ ಮೆತ್ತಿದೆಯೇ, ಹಲ್ಲು ಮುರಿದಿದೆಯೇ, ಗ್ಯಾಪ್ ಜಾಸ್ತಿಯಿದೆಯೇ ಎಂಬುದೊಂದೂ ಓಮ್ಸ್‌ನಲ್ಲಿ ಕಾಣುವುದಿಲ್ಲ. ಕಪ್ಲರ್ ಕಳಚಿ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆದಾಗ ಸುಮಾರು ಅರ್ಧ ವೋಲ್ಟ್ ಅಥವಾ ಹೆಚ್ಚು ಬರಬೇಕು. ಹಾಲ್ ಸೆನ್ಸರ್‌ಗೆ ಓಮ್ಸ್ ಪರೀಕ್ಷೆ ಮಾಡಲೇಬಾರದು, ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಆ ಸಂಖ್ಯೆಗೆ ಅರ್ಥವೂ ಇಲ್ಲ.

ಇನ್ನೊಂದು: ಮ್ಯಾಗ್ನೆಟಿಕ್ ಪಿಕಪ್‌ನ ಎರಡು ವೈರ್ ಅದಲುಬದಲಾದರೆ ಎಂಜಿನ್ ಓಡಬಹುದು, ಆದರೆ ಅಲೆ ತಲೆಕೆಳಗಾಗಿ ಇಸಿಯು ಹಲ್ಲಿನ ನಡುವನ್ನು ಓದಬೇಕಾದಲ್ಲಿ ಬೇರೆ ಜಾಗ ಓದುತ್ತದೆ. ಕಪ್ಲರ್ ದುರಸ್ತಿಯಾದ ಗಾಡಿಯಲ್ಲಿ ಪಿ0016 ಅಥವಾ ಪಿ0336 (ಕ್ರ್ಯಾಂಕ್ ಸಿಗ್ನಲ್ ಸರಿಯಿಲ್ಲ) ಬಂದರೆ ಇದನ್ನು ಮರೆಯದೆ ನೋಡಿ.

ಹೊಸ ಕೈ

ಈ ಚರ್ಚೆಗೆ ಹತ್ತಿರದ ಪ್ರಶ್ನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಕೋಡ್ ಒಂದೂ ಇಲ್ಲ. ಎರಡು ವೈರ್ ಕ್ರ್ಯಾಂಕ್ ಸೆನ್ಸರ್. ಎಲ್ಲಿಂದ ಶುರು ಮಾಡಬೇಕು?

ಮೀಟರ್ ಪ್ರೋಬ್

ಆಫ್ ಆದ ಆ ಹೊತ್ತಿನಲ್ಲೇ ಹಿಡಿಯಬೇಕು, ತಣ್ಣಗಾದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಸ್ಟಾರ್ಟ್ ಆಗದ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯುತ್ತ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಮಾಮೂಲಿಯಾಗಿ 150ರಿಂದ 300 ಇರಬೇಕು. ಸೊನ್ನೆ ನಿಂತಿದ್ದರೆ ಕ್ರ್ಯಾಂಕ್ ಸಿಗ್ನಲ್ ಕಡೆ ಹೋಗಿ. ಆರ್‌ಪಿಎಂ ಬರುತ್ತಿದ್ದರೆ ಸೆನ್ಸರ್ ಬಿಟ್ಟು ಫ್ಯೂಯಲ್ ಪ್ರೆಶರ್, ಪಂಪ್ ರಿಲೇ, ಇಗ್ನಿಷನ್ ಸಪ್ಲೈ ನೋಡಿ. ಕೆಲವು ಇಸಿಯುಗಳು ಕ್ರ್ಯಾಂಕ್ ಸಿಗ್ನಲ್ ಇಲ್ಲದಾಗ ಕ್ಯಾಮ್ ಲೆಕ್ಕದ ಮೇಲೆ ಆರ್‌ಪಿಎಂ ತೋರಿಸಿ ತಡವಾಗಿ ಸ್ಟಾರ್ಟ್ ಮಾಡಿಸುತ್ತವೆ, ಅದನ್ನೂ ಗಮನದಲ್ಲಿಡಿ.

ಸೊನ್ನೆ ಬಂದಿತು ಅಂದರೆ ಆಗಲೇ ಕಪ್ಲರ್ ಕಳಚಿ ಓಮ್ಸ್ ನೋಡಿ. ಕಾಯಿಲ್ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡಿದ್ದರೆ ಓಪನ್ ತೋರಿಸುತ್ತದೆ. ಸೆನ್ಸರ್ ಮೇಲೆ ತಣ್ಣೀರು ಹನಿಸಿದಾಗ ಓಮ್ಸ್ ಮರಳಿ ಬಂದರೆ ಮತ್ತೆ ಯೋಚಿಸುವುದೇ ಬೇಡ. ಹೊರಗೆ ತೆಗೆದ ಸೆನ್ಸರ್ ಆದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತ ಮೀಟರ್ ನೋಡಬಹುದು. ಕೋಡ್ ಬಾರದಿರುವುದಕ್ಕೂ ಕಾರಣವಿದೆ: ಕ್ರ್ಯಾಂಕ್ ಸಿಗ್ನಲ್ ನಿಂತರೆ ಎಂಜಿನ್ ನಿಂತಿದೆ ಎಂದೇ ಹಲವು ಇಸಿಯುಗಳು ತಿಳಿಯುತ್ತವೆ, ದೋಷ ಎಂದು ತಿಳಿಯುವುದಿಲ್ಲ.

ನಾಲ್ಕು ಸಿಲಿಂಡರ್

ಹೇಳಿದ್ದೆಲ್ಲ ಅಳೆದಿದ್ದೇನೆ.

ಕ್ರ್ಯಾಂಕ್ ಸೆನ್ಸರ್ ಎರಡು ವೈರ್, 860 ಓಮ್ಸ್, ಸೆಲ್ಫ್‌ನಲ್ಲಿ 1.1 ವೋಲ್ಟ್ ಎಸಿ. ಕ್ಯಾಮ್ ಸೆನ್ಸರ್ ಮೂರು ವೈರ್, ಸಪ್ಲೈ 5.02, ಅರ್ತ್ ಡ್ರಾಪ್ 0.03 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.4 ವೋಲ್ಟ್, ಆರ್‌ಪಿಎಂ 240. ಎಂಜಿನ್ ಆಫ್ ಇದ್ದಾಗ ಮ್ಯಾಪ್ 91 ಕಿಲೋಪ್ಯಾಸ್ಕಲ್, ಬಿಸಿ ಐಡ್ಲಿಂಗ್‌ನಲ್ಲಿ 47. ಲಾಂಗ್ ಟ್ರಿಮ್ ಐಡ್ಲಿಂಗ್‌ನಲ್ಲಿ ಮೈನಸ್ 14, 2500ರಲ್ಲಿ ಮೈನಸ್ 8. ಕಂಪ್ರೆಷನ್ ಥ್ರಾಟಲ್ ಪೂರ್ತಿ ತೆರೆದು 9.1, 9.0, 9.2, 9.0 ಬಾರ್, ಕೈಪಿಡಿ 12ರ ಮೇಲೆ ಹೇಳುತ್ತದೆ. ಆಯಿಲ್ ಮಟ್ಟ ಸರಿಯಿದೆ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಲ್ಲಿ ಒಂದೆರಡು ಸೆಕೆಂಡ್ ಕಟಕಟ ಶಬ್ದ.

ಹಳೇ ಪಾನಾ

ವೈರಿಂಗ್ ಮತ್ತು ಸೆನ್ಸರ್ ಕಡೆ ಇನ್ನು ಸಮಯ ಹಾಕಬೇಡಿ. ಈ ಸಂಖ್ಯೆಗಳು ಒಂದೇ ದಿಕ್ಕು ತೋರಿಸುತ್ತಿವೆ.

ಕಂಪ್ರೆಷನ್ ನೋಡಿ. ರಿಂಗ್ ಅಥವಾ ವಾಲ್ವ್ ಸವೆದಿದ್ದರೆ ಸಾಮಾನ್ಯವಾಗಿ ಸಿಲಿಂಡರ್‌ನಿಂದ ಸಿಲಿಂಡರ್‌ಗೆ ಏರುಪೇರು ಇರುತ್ತದೆ. ನಾಲ್ಕೂ ಒಂದೇ ಸಮ ಕಮ್ಮಿ ಬಂದಿವೆ, ಅಂದರೆ ನಾಲ್ಕಕ್ಕೂ ಸಮನಾಗಿ ತಟ್ಟುವ ಕಾರಣ ಹುಡುಕಬೇಕು. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ಪಿಸ್ಟನ್ ಮೇಲೆ ಬರುವಾಗ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ಮ್ಯಾನಿಫೋಲ್ಡ್‌ಗೆ ವಾಪಸ್ ಹೋಗುತ್ತದೆ. ಕಂಪ್ರೆಷನ್ ಬೀಳುತ್ತದೆ, ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಬೀಳುತ್ತದೆ. ಆರೋಗ್ಯವಾದ ಎಂಜಿನ್ ಬಿಸಿ ಐಡ್ಲಿಂಗ್‌ನಲ್ಲಿ 30ರಿಂದ 40 ಕಿಲೋಪ್ಯಾಸ್ಕಲ್ ಒಳಗಿರುತ್ತದೆ. ನಿಮ್ಮದು 47. ಎಂಜಿನ್ ಆಫ್ ಇದ್ದಾಗಿನ 91 ಆ ಜಾಗದ ಗಾಳಿಯ ಒತ್ತಡಕ್ಕೆ ಸಮ ಇರಬೇಕು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಅದು ಸರಿ, ಮ್ಯಾಪ್ ಸೆನ್ಸರ್ ಸುಳ್ಳು ಹೇಳುತ್ತಿಲ್ಲ.

ಟ್ರಿಮ್ ಮೈನಸ್ ಹೋಗಿರುವುದೂ ಇದಕ್ಕೇ ಹೊಂದುತ್ತದೆ. ಏರ್‌ಫ್ಲೋ ಸೆನ್ಸರ್ ಇಲ್ಲದ ಎಂಜಿನ್‌ನಲ್ಲಿ ಇಸಿಯು ಮ್ಯಾಪ್ ನೋಡಿ ಗಾಳಿ ಎಷ್ಟು ಒಳಹೋಯಿತು ಎಂದು ಲೆಕ್ಕ ಹಾಕುತ್ತದೆ. ಮ್ಯಾಪ್ ಜಾಸ್ತಿ ಇದ್ದರೆ ಗಾಳಿ ಜಾಸ್ತಿ ಎಂದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಸಿಲಿಂಡರ್‌ನಲ್ಲಿ ನಿಂತ ಗಾಳಿ ಅಷ್ಟಿಲ್ಲ, ಮಿಶ್ರಣ ರಿಚ್ ಆಗುತ್ತದೆ, ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಕಡಿತ ಮಾಡುತ್ತದೆ. ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಇದೇ ದೋಷಕ್ಕೆ ಟ್ರಿಮ್ ಇಷ್ಟು ಕದಲುವುದಿಲ್ಲ, ಏಕೆಂದರೆ ಅಲ್ಲಿ ಒಳಬರುವ ಗಾಳಿಯನ್ನೇ ಅಳೆಯುತ್ತಾರೆ. ವ್ಯಾಕ್ಯೂಮ್ ಲೀಕ್ ಅನುಮಾನವೂ ಬೇಡ: ಏರ್‌ಫ್ಲೋ ಸೆನ್ಸರ್ ಗಾಡಿಯಲ್ಲಿ ಲೀಕ್ ಇದ್ದರೆ ಟ್ರಿಮ್ ಐಡ್ಲಿಂಗ್‌ನಲ್ಲಿ ಪ್ಲಸ್ ಹೋಗುತ್ತದೆ, ಮ್ಯಾಪ್ ಗಾಡಿಯಲ್ಲಿ ಐಡ್ಲಿಂಗ್ ಏರುತ್ತದೆ, ಎರಡರಲ್ಲೂ ಕಂಪ್ರೆಷನ್ ಬೀಳುವುದಿಲ್ಲ.

ಕ್ಯಾಮ್ ಹಿಂದೆ ಬಿದ್ದಿದೆ. ಎಷ್ಟು ಬಿದ್ದಿದೆ, ಯಾವುದು ಬಿದ್ದಿದೆ ಎಂಬುದಷ್ಟೇ ಬಾಕಿ. ಅದಕ್ಕೆ ಸ್ಕೋಪ್ ಬೇಕು.

ಅಲೆ ಲೆಕ್ಕ

ಸ್ಕೋಪ್ ಹಾಕುವ ಕ್ರಮ. ಒಂದನೇ ಚಾನೆಲ್ ಕ್ರ್ಯಾಂಕ್ ಸಿಗ್ನಲ್‌ಗೆ, ಎರಡನೇದು ಕ್ಯಾಮ್ ಸಿಗ್ನಲ್‌ಗೆ, ನೆಗೆಟಿವ್ ಕ್ಲಿಪ್ ಬ್ಯಾಟರಿ ನೆಗೆಟಿವ್‌ಗೆ. ಕಪ್ಲರ್ ಹಾಕಿಯೇ ಇರಲಿ, ಹಿಂಬದಿಯಿಂದ ಪಿನ್ ತೂರಿಸಿ. ಮ್ಯಾಗ್ನೆಟಿಕ್ ಪಿಕಪ್‌ನ ವೋಲ್ಟೇಜ್ ಆರ್‌ಪಿಎಂ ಏರಿದಂತೆ ಏರುತ್ತದೆ, ಅದಕ್ಕೆ 10:1 ಪ್ರೋಬ್ (ವೋಲ್ಟೇಜನ್ನು ಹತ್ತರಲ್ಲಿ ಒಂದಕ್ಕೆ ಇಳಿಸುವಂಥದ್ದು) ಹಾಕುವುದು ಒಳ್ಳೆಯದು. 750 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 80 ಮಿಲಿಸೆಕೆಂಡ್. ಎರಡು ಸುತ್ತು ಪೂರ್ತಿ ಕಾಣಬೇಕಾದರೆ ಪರದೆಯಲ್ಲಿ ಒಟ್ಟು 200 ಮಿಲಿಸೆಕೆಂಡ್ ಇಡಿ. ಸೆಲ್ಫ್‌ನಲ್ಲಿ 240 ಆರ್‌ಪಿಎಂ ಅಂದರೆ ಎರಡು ಸುತ್ತಿಗೆ 500 ಮಿಲಿಸೆಕೆಂಡ್, ಆಗ ಒಟ್ಟು ಒಂದು ಸೆಕೆಂಡ್ ಇಡಿ.

ಕ್ರ್ಯಾಂಕ್ ಚಕ್ರ ಬಹುಶಃ 60-2 ಮಾದರಿ. 60 ಹಲ್ಲಿನ ಜಾಗ, ಎರಡು ಖಾಲಿ, ಉಳಿದದ್ದು 58 ಹಲ್ಲು. ಒಂದೊಂದಕ್ಕೆ 6 ಡಿಗ್ರಿ. 36-1 ಆದರೆ 10 ಡಿಗ್ರಿ. ಖಾಲಿ ಜಾಗ ಮುಗಿದ ಮೇಲೆ ಬರುವ ಮೊದಲ ಹಲ್ಲನ್ನು ಒಂದು ಎಂದು ಎಣಿಸುತ್ತ, ಕ್ಯಾಮ್ ಅಲೆ ಕೆಳಗಿಳಿಯುವ ಅಂಚು ಎಷ್ಟನೇ ಹಲ್ಲಿಗೆ ಬರುತ್ತದೆ ನೋಡಿ. ಆಮೇಲೆ ಅದೇ ಎಂಜಿನ್ ಕೋಡ್‌ನ ಸರಿಯಾದ ಎಂಜಿನ್‌ನ ಅಲೆಯ ಜೊತೆ ಹೋಲಿಸಿ. ಹೋಲಿಸುವ ಅಲೆ ಬೇರೆ ಎಂಜಿನ್‌ನದಾದರೆ ಇಡೀ ಲೆಕ್ಕ ವ್ಯರ್ಥ.

ಓಸಿವಿ ಕಪ್ಲರ್ ಕಳಚಿ ಅಳೆಯಿರಿ. ಪಿ0010 ಬರುತ್ತದೆ, ಬರಲಿ, ಕೊನೆಗೆ ಅಳಿಸಿದರಾಯಿತು. ಸೊಲೆನಾಯ್ಡ್‌ಗೆ ಕರೆಂಟ್ ಇಲ್ಲದಾಗ ಫೇಸರ್ ತನ್ನ ವಿಶ್ರಾಂತಿ ಜಾಗಕ್ಕೆ ಬಂದು ಪಿನ್‌ನಿಂದ ಲಾಕ್ ಆಗಬೇಕು. ಸೆಲ್ಫ್ ಹೊಡೆಯುವಾಗಿನ ಅಲೆ, ಐಡ್ಲಿಂಗ್ ಅಲೆ ಎರಡನ್ನೂ ಉಳಿಸಿಕೊಳ್ಳಿ. ಎರಡರಲ್ಲೂ ಅಂಚು ಒಂದೇ ಹಲ್ಲಿಗೆ ಬಂದರೆ ಫೇಸರ್ ಅಲ್ಲಾಡುತ್ತಿಲ್ಲ. ಹಿಂದೆ ಮುಂದೆ ಓಲಾಡಿದರೆ ಲಾಕ್ ಪಿನ್ ಸವೆದಿದೆ, ಇಲ್ಲವೇ ಚೈನ್ ತುಂಬಾ ಸಡಿಲ.

ಕ್ರ್ಯಾಂಕ್ ಅಲೆಯನ್ನೂ ಪೂರ್ತಿ ನೋಡಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಒಂದು ಹಲ್ಲಿನ ಎತ್ತರ ಕಮ್ಮಿ ಇದ್ದರೆ ಚಕ್ರಕ್ಕೆ ಪೆಟ್ಟಾಗಿದೆ. ಎತ್ತರ ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಚಕ್ರ ಓರೆಯಾಗಿ ಓಡುತ್ತಿದೆ. ಇವೆರಡನ್ನೂ ಹೊಸ ಸೆನ್ಸರ್ ಸರಿ ಮಾಡಲಾರದು.

ನಾಲ್ಕು ಸಿಲಿಂಡರ್

60-2 ಚಕ್ರವೇ. 58 ಹಲ್ಲೂ ಒಂದೇ ಎತ್ತರ. ಅದೇ ಎಂಜಿನ್ ಕೋಡ್‌ನ ಸರಿಯಾದ ಅಲೆಯಲ್ಲಿ ಕ್ಯಾಮ್ ಅಂಚು 8ನೇ ಹಲ್ಲಿಗೆ ಬರುತ್ತದೆ. ಇಲ್ಲಿ 11ನೇ ಹಲ್ಲಿಗೆ ಬರುತ್ತಿದೆ. ಓಸಿವಿ ಕಪ್ಲರ್ ಕಳಚಿದರೂ, ಸೆಲ್ಫ್‌ನಲ್ಲೂ, ಐಡ್ಲಿಂಗ್‌ನಲ್ಲೂ 11ನೇ ಹಲ್ಲೇ. ಓಲಾಟವಿಲ್ಲ.

ಅಲೆ ಲೆಕ್ಕ

ಮೂರು ಹಲ್ಲು, ತಲಾ 6 ಡಿಗ್ರಿ, ಒಟ್ಟು 18 ಕ್ರ್ಯಾಂಕ್ ಡಿಗ್ರಿ ತಡ. ಕ್ರ್ಯಾಂಕ್ ಸ್ಪ್ರಾಕೆಟ್‌ನಲ್ಲಿ ಎಷ್ಟು ಹಲ್ಲಿವೆ? 20 ಇದ್ದರೆ ಒಂದು ಹಲ್ಲಿಗೆ 360 ಭಾಗ 20, ಸರಿಯಾಗಿ 18. ಕ್ಯಾಮ್ ಸ್ಪ್ರಾಕೆಟ್ 40 ಹಲ್ಲಿನದಾಗಿರುತ್ತದೆ. ಅಲ್ಲಿ ಒಂದು ಹಲ್ಲು ಅಂದರೆ 9 ಕ್ಯಾಮ್ ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ ಅದೇ 18.

ನಾಲ್ಕು ಸಿಲಿಂಡರ್

ಕೈಪಿಡಿಯ ಚಿತ್ರದಲ್ಲಿ 20 ಹಲ್ಲೇ ಇವೆ.

ಮೀಟರ್ ಪ್ರೋಬ್

ಹಲ್ಲು ಹಾರದೆ ಬರೀ ಚೈನ್ ಉದ್ದವಾಗಿಯೂ ಕ್ಯಾಮ್ ಹಿಂದೆ ಬೀಳುತ್ತದೆ. 18 ಡಿಗ್ರಿ ಬಂತೆಂದು ಹಲ್ಲು ಹಾರಿದೆ ಎಂದು ಹೇಗೆ ನಂಬುವುದು? ಫೇಸರ್ ತಪ್ಪು ಜಾಗದಲ್ಲಿ ಸಿಕ್ಕಿಕೊಂಡಿರಲೂಬಹುದು.

ಹಳೇ ಪಾನಾ

ಒಳ್ಳೆಯ ಪ್ರಶ್ನೆ, ಕವರ್ ಬಿಚ್ಚುವ ಮುಂಚೆ ಕೇಳಲೇಬೇಕಾದದ್ದು. ಸವೆತದಿಂದ ಚೈನ್ ಉದ್ದವಾದರೆ ಅಂಚು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ, ಒಂದು ಹಲ್ಲಿನ ಡಿಗ್ರಿಗೆ ಸರಿಯಾಗಿ ಹೊಂದಬೇಕೆಂದಿಲ್ಲ. 5, 7, 9 ಡಿಗ್ರಿ ಬಂದಿದ್ದರೆ ಉದ್ದವಾಗಿದೆ ಎನ್ನುತ್ತಿದ್ದೆ. 18 ಡಿಗ್ರಿ ತಡವಾಗುವಷ್ಟು ಚೈನ್ ಉದ್ದವಾದರೆ ಟೆನ್ಷನರ್ ಅದನ್ನು ಬಿಗಿ ಹಿಡಿಯಲಾರದು, ಶಬ್ದ ಒಂದೆರಡು ಸೆಕೆಂಡಿಗೆ ನಿಲ್ಲದೆ ಐಡ್ಲಿಂಗ್ ಪೂರ್ತಿ ಕೇಳುತ್ತಿತ್ತು.

ಫೇಸರ್ ವಿಚಾರಕ್ಕೆ: ಇನ್‌ಟೇಕ್ ಫೇಸರ್‌ನ ವಿಶ್ರಾಂತಿ ಜಾಗ ಹೆಚ್ಚಿನ ಎಂಜಿನ್‌ಗಳಲ್ಲಿ ಪೂರ್ತಿ ಹಿಂದಿನ ತುದಿಯೇ. ಹಾಗಿದ್ದಲ್ಲಿ ಅದು ಸಿಕ್ಕಿಕೊಂಡರೆ ಕ್ಯಾಮ್ ಮುಂದೆ ಉಳಿಯುತ್ತದೆ, ಇನ್ನೂ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ನಿಮ್ಮ ಎಂಜಿನ್‌ನಲ್ಲೂ ಹಾಗೇ ಇದೆಯೇ ಕೈಪಿಡಿಯಲ್ಲಿ ನೋಡಿಕೊಳ್ಳಿ; ಫೇಸರ್ ನಡುವೆ ಲಾಕ್ ಆಗುವ ಎಂಜಿನ್‌ಗಳೂ ಇವೆ.

ಖಚಿತಪಡಿಸುವ ಪರೀಕ್ಷೆ ಎಕ್ಸಾಸ್ಟ್ ಕ್ಯಾಮ್. ಅದಕ್ಕೆ ಫೇಸರ್ ಇಲ್ಲ, ಸೆನ್ಸರ್ ಕೂಡ ಇಲ್ಲ ಎಂದುಕೊಳ್ಳುತ್ತೇನೆ. ವಾಲ್ವ್ ಕವರ್ ಮಾತ್ರ ತೆಗೆಯಿರಿ, ಮುಂಭಾಗದ ಟೈಮಿಂಗ್ ಕವರ್ ಈಗ ಬೇಡ. ಒಂದನೇ ಸಿಲಿಂಡರ್‌ನ ಪ್ಲಗ್ ರಂಧ್ರದಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಟ್ಟು ಪಿಸ್ಟನ್ ಮೇಲ್ತುದಿ ಹುಡುಕಿ, ಅಲ್ಲಿ ಎರಡೂ ಕ್ಯಾಮಿನ ಗುರುತು ನೋಡಿ. ಎರಡೂ ಒಂದೇ ಅಳತೆಗೆ ಹಿಂದಿದ್ದರೆ ಚೈನ್ ಕ್ರ್ಯಾಂಕ್ ಸ್ಪ್ರಾಕೆಟ್ ಮೇಲೆ ಹಾರಿದೆ. ಎಕ್ಸಾಸ್ಟ್ ಸರಿಯಿದ್ದು ಇನ್‌ಟೇಕ್ ಮಾತ್ರ ಹಿಂದಿದ್ದರೆ ಇನ್‌ಟೇಕ್ ಸ್ಪ್ರಾಕೆಟ್ ಅಥವಾ ಫೇಸರ್. ಎರಡೂ ಸರಿಯಿದ್ದರೆ ಎಂಜಿನ್ ಟೈಮಿಂಗ್ ಸರಿಯಿದೆ, ಕ್ಯಾಮ್ ಸೆನ್ಸರ್ ಓದುವ ಚಕ್ರ ಕ್ಯಾಮ್ ಮೇಲೆ ಜಾರಿದೆ. ಆದರೆ ಹಾಗಾಗಿದ್ದರೆ ಕಂಪ್ರೆಷನ್ ಬೀಳುತ್ತಿರಲಿಲ್ಲ.

ಮೇಲ್ತುದಿಯನ್ನು ಪುಲ್ಲಿಯ ಗುರುತಿನಿಂದ ಮಾತ್ರ ತೀರ್ಮಾನಿಸಬೇಡಿ. ಪುಲ್ಲಿಯ ನಡುವಿನ ರಬ್ಬರ್ ಬಿಟ್ಟುಕೊಂಡು ಹೊರಬಳೆ ತಿರುಗಿರುವುದುಂಟು, ಆಗ ಗುರುತು ಸುಳ್ಳು. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್‌ಗೂ ಪುಲ್ಲಿಗೂ ಕೀ ಇರುವುದಿಲ್ಲ, ಬೋಲ್ಟಿನ ಬಿಗಿತವೇ ಹಿಡಿದಿಟ್ಟಿರುತ್ತದೆ. ಅಂಥಲ್ಲಿ ಬೋಲ್ಟ್ ಸಡಿಲಾದರೆ ಚೈನ್ ಹೊಸದಿದ್ದರೂ ಪಿ0016 ಬರುತ್ತದೆ.

ಎಂಜಿನ್ ತಿರುಗಿಸುವಾಗ ಅದು ಓಡುವ ದಿಕ್ಕಿಗೇ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಟೆನ್ಷನರ್ ಇರುವ ಕಡೆ ಎಳೆತ ಬಿದ್ದು ಅದರ ಪ್ಲಂಜರ್ (ಚೈನ್ ಬಿಗಿಯಾಗಿರಲು ಒತ್ತುವ ಕಡ್ಡಿ) ಒಳಗೆ ಹೋಗುತ್ತದೆ, ಸಡಿಲವಾದ ಚೈನ್ ಇನ್ನೊಂದು ಹಲ್ಲು ಹಾರಬಹುದು. ಗೇರಿನಲ್ಲಿ ನಿಂತ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿದಾಗ ಹಲ್ಲು ಹಾರುವುದೂ ಹೀಗೇ.

ನಾಲ್ಕು ಸಿಲಿಂಡರ್

ವಾಲ್ವ್ ಕವರ್ ತೆಗೆದು ನೋಡಿದ್ದಾಯಿತು. ಎರಡೂ ಕ್ಯಾಮಿನ ಗುರುತು ಒಂದು ಹಲ್ಲಿನಷ್ಟು ಹಿಂದಿದೆ. ಮೇಲಿನ ಗೈಡ್‌ನ (ಚೈನ್ ಜಾರುವ ಪಟ್ಟಿ) ಒಂದು ತುದಿ ಮುರಿದಿದೆ. ಟೆನ್ಷನರ್ ಪ್ಲಂಜರ್ ಬಹುತೇಕ ಪೂರ್ತಿ ಹೊರಗೆ ಬಂದಿದೆ. ಇನ್ನು ಮುಂಭಾಗದ ಕವರ್ ಬಿಚ್ಚುವುದು. ಚೈನನ್ನು ಹಾಗೇ ಇಟ್ಟು ಹಲ್ಲು ಸರಿ ಮಾಡಿದರೆ ನಡೆಯುತ್ತದೆಯೇ?

ಹಳೇ ಪಾನಾ

ನಡೆಯುವುದಿಲ್ಲ. ಪ್ಲಂಜರ್ ಅಷ್ಟು ಹೊರಬಂದಿದೆ ಎಂದರೆ ಚೈನ್ ಉದ್ದವಾಗಿದೆ, ಆ ಸಡಿಲದಿಂದಲೇ ಹಲ್ಲು ಹಾರಿದೆ. ಚೈನ್, ಟೆನ್ಷನರ್, ಗೈಡ್‌ಗಳು ಎಲ್ಲ ಒಟ್ಟಿಗೆ ಬದಲಾಗಬೇಕು. ಸ್ಪ್ರಾಕೆಟ್ ಹಲ್ಲುಗಳ ತುದಿ ಚೂಪಾಗಿ ಒಂದು ಕಡೆಗೆ ಬಾಗಿದ್ದರೆ ಅವೂ ಬೇಕು. ಮುಂಭಾಗದ ಸೀಲ್ ಮತ್ತು ಕ್ರ್ಯಾಂಕ್ ಬೋಲ್ಟ್ ಹೊಸದು. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್ ಆದರೆ ಅದು ಒಮ್ಮೆ ಹಿಗ್ಗಿರುತ್ತದೆ, ಎರಡನೇ ಸಲ ಹಾಕುವುದು ತಪ್ಪು.

ಆಯಿಲ್ ಸಂಪ್ ಕೂಡ ತೆಗೆಯಿರಿ. ಮುರಿದ ಗೈಡ್‌ನ ತುಂಡು ಹೋಗಿ ಕೂರುವುದು ಆಯಿಲ್ ಪಂಪ್ ಎಳೆಯುವ ಜಾಲರಿಯ ಹತ್ತಿರ. ಅದನ್ನು ಅಲ್ಲೇ ಬಿಟ್ಟರೆ ಪ್ರೆಶರ್ ಬಿದ್ದು ಹೊಸ ಟೆನ್ಷನರ್, ಫೇಸರ್, ಬೇರಿಂಗ್ ಎಲ್ಲಕ್ಕೂ ಪೆಟ್ಟು. ಓಸಿವಿ ಜಾಲರಿಯನ್ನೂ ಇದೇ ಹೊತ್ತಿಗೆ ಬಿಚ್ಚಿ ತೊಳೆದುಬಿಡಿ.

ಚೈನ್ ಕೂರಿಸುವಾಗ ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟ್ ಗುರುತಿಗೆ ಹೊಂದಿಸಿ. ಎಳೆತದ ಕಡೆ, ಅಂದರೆ ಟೆನ್ಷನರ್ ಇಲ್ಲದ ಕಡೆ, ಸ್ವಲ್ಪವೂ ಸಡಿಲ ಉಳಿಯಬಾರದು. ಎಲ್ಲ ಕೂತ ಮೇಲೇ ಟೆನ್ಷನರ್ ಪಿನ್ ಎಳೆಯಿರಿ. ಪ್ಲಗ್‌ಗಳನ್ನು ತೆಗೆದಿಟ್ಟು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಮೇಲ್ತುದಿಗೆ ತನ್ನಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಪಾನಾಕ್ಕೆ ಪೈಪ್ ಹಾಕಿ ಒತ್ತಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗಿರಬಹುದು. ಎರಡು ಸುತ್ತಿನ ನಂತರ ಬಣ್ಣದ ಕೊಂಡಿಗಳು ಗುರುತಿನ ಹತ್ತಿರ ಇರುವುದಿಲ್ಲ, ಅದು ಸಹಜ; ಚೈನಿನ ಕೊಂಡಿ ಲೆಕ್ಕ ಸ್ಪ್ರಾಕೆಟ್‌ಗೆ ಪೂರ್ತಿ ಭಾಗವಾಗದ್ದರಿಂದ ಅವು ಮತ್ತೆ ಹೊಂದಲು ಬಹಳ ಸುತ್ತು ಬೇಕು. ಸ್ಪ್ರಾಕೆಟ್ ಗುರುತುಗಳು ಮಾತ್ರ ಹೊಂದಿರಬೇಕು. ಇದು ತಿಳಿಯದೆ ಸರಿಯಾಗಿ ಕೂತ ಚೈನನ್ನು ಬಿಚ್ಚುವವರಿದ್ದಾರೆ.

ಕವರ್‌ಗೆ ಹಚ್ಚುವ ಸೀಲೆಂಟ್ ತೆಳ್ಳಗಿರಲಿ. ಒಳಕ್ಕೆ ಹಿಂಡಿಬಂದದ್ದು ಉದುರಿ ಅದೇ ಜಾಲರಿಗೆ ಹೋಗುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಇಂಜೆಕ್ಟರ್ ಕಪ್ಲರ್ ಕಳಚಿ, ಆಯಿಲ್ ಲೈಟ್ ಆರುವ ತನಕ ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಟೆನ್ಷನರ್‌ಗೆ ಆಯಿಲ್ ತುಂಬದೆ ಎಂಜಿನ್ ಓಡಿದರೆ ಚೈನ್ ಸಡಿಲವಾಗಿಯೇ ಬಡಿಯುತ್ತದೆ.

ನಾಲ್ಕು ಸಿಲಿಂಡರ್

ಕೆಲಸ ಮುಗಿದಿದೆ. ಜಾಲರಿಯ ಬಳಿ ಗೈಡ್‌ನ ಎರಡು ತುಂಡು ಸಿಕ್ಕವು. ಸ್ಕೋಪ್‌ನಲ್ಲಿ ಕ್ಯಾಮ್ ಅಂಚು ಈಗ 8ನೇ ಹಲ್ಲಿಗೆ ಬರುತ್ತಿದೆ. ಬಿಸಿ ಐಡ್ಲಿಂಗ್ ಮ್ಯಾಪ್ 34, ಕಂಪ್ರೆಷನ್ ನಾಲ್ಕೂ 12.5ರ ಆಸುಪಾಸು, ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್. ಪಿ0016, ಪಿ0340 ಎರಡೂ ಮರಳಿಲ್ಲ. ಆದರೆ ಲಾಂಗ್ ಟ್ರಿಮ್ ಇನ್ನೂ ಮೈನಸ್ 9 ತೋರಿಸುತ್ತಿದೆ, ಶಾರ್ಟ್ ಟ್ರಿಮ್ ಪ್ಲಸ್ 8. ಜೊತೆಗೆ ಪಿ0315 ಹೊಸದಾಗಿ ಬಂದಿದೆ.

ಅಲೆ ಲೆಕ್ಕ

ಎರಡಕ್ಕೂ ಹೊಸ ಭಾಗ ಬೇಡ. ಲಾಂಗ್ ಟ್ರಿಮ್ ಹಳೆಯ ದೋಷದ ಕಾಲದಲ್ಲಿ ಕಲಿತದ್ದು, ಶಾರ್ಟ್ ಟ್ರಿಮ್ ಅದನ್ನು ಎದುರಿಗೆ ತಳ್ಳುತ್ತಿದೆ. ಕೂಡಿಸಿದರೆ ಸೊನ್ನೆಯ ಹತ್ತಿರವೇ ಇದೆ. ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ ರೀಸೆಟ್ (ಇಸಿಯು ಕಲಿತದ್ದನ್ನು ಅಳಿಸುವ ಆಯ್ಕೆ) ಇದ್ದರೆ ಮಾಡಿ, ಇಲ್ಲದಿದ್ದರೆ ಬೇರೆ ಬೇರೆ ವೇಗದಲ್ಲಿ ಗಾಡಿ ಓಡಿದಂತೆ ತಾನೇ ಸರಿಹೋಗುತ್ತದೆ. ಕ್ಯಾಮ್ ಅಡಾಪ್ಟೇಷನ್ ಪ್ರತ್ಯೇಕವಾಗಿದ್ದರೆ ಅದನ್ನೂ ರೀಸೆಟ್ ಮಾಡಿ.

ಪಿ0315 ಅಂದರೆ ಕ್ರ್ಯಾಂಕ್ ಚಕ್ರದ ಹಲ್ಲುಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಇಸಿಯು ಇನ್ನೂ ಕಲಿತಿಲ್ಲ. ಅದು ಕಲಿಯದೆ ಮಿಸ್‌ಫೈರ್ ಲೆಕ್ಕ ಸರಿಯಾಗಿ ನಡೆಯುವುದಿಲ್ಲ. ಸ್ಕ್ಯಾನರ್‌ನಲ್ಲಿ ಕ್ರ್ಯಾಂಕ್ ಲರ್ನ್ ಎಂಬ ಆಯ್ಕೆ ಹುಡುಕಿ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಎಸಿ ಆಫ್, ಹ್ಯಾಂಡ್ ಬ್ರೇಕ್ ಎಳೆದು ಫುಟ್ ಬ್ರೇಕ್ ಒತ್ತಿ ಹಿಡಿದಿರಬೇಕು. ಸ್ಕ್ಯಾನರ್ ಹೇಳಿದಾಗ ಆಕ್ಸಿಲರೇಟರ್ ಒತ್ತಿ ಆರ್‌ಪಿಎಂ ಏರಿಸುತ್ತ ಹೋಗಿ. ಇಸಿಯು ತಾನೇ ಪೆಟ್ರೋಲ್ ಕಡಿದು ಆರ್‌ಪಿಎಂ ಬೀಳಲು ಶುರುವಾದ ಕ್ಷಣವೇ ಕಾಲು ತೆಗೆಯಿರಿ, ಕಲಿಕೆ ನಡೆಯುವುದು ಆ ಇಳಿಯುವ ಹೊತ್ತಿನಲ್ಲಿ. ಕೂಲೆಂಟ್ ತಾಪಮಾನ ಸಾಲದಿದ್ದರೆ ಅದು ಶುರುವೇ ಆಗುವುದಿಲ್ಲ, ಹಾಗಾದರೆ ಮೊದಲು ಥರ್ಮೋಸ್ಟ್ಯಾಟ್ ನೋಡಿ.